ಕೂದಲು ಉದುರದ ನಾಯಿ ಇದೆ, ಅಲರ್ಜಿ ತರದ ನಾಯಿ ಇಲ್ಲ

“ಅಮ್ಮಾ, ನಿನ್ನ ಸಲುವಾಗೇ ಸಿಂಬಾನ್ನ ಕೊಟ್ವಿ, ಹೌದಿಲ್ಲೋ?”

2021ರ ಜೂನ್ ತಿಂಗಳ ಒಂದು ರಾತ್ರಿ ಎಂಟು ವರ್ಷದ ಮಗಳು ಹೀಗೆ ಕೇಳಿದಾಗ ನಾನು ಉತ್ತರ ಕೊಡಲಿಲ್ಲ. ಸುಮ್ಮನೆ ಅವಳ ತಲೆ ಸವರಿದೆ. ಅಂದು ಮಧ್ಯಾಹ್ನವಷ್ಟೇ ನಮ್ಮ ಶಿಹ್ ತ್ಸು ನಾಯಿಯನ್ನು ಯಜಮಾನರ ಸಹೋದ್ಯೋಗಿಯೊಬ್ಬರ ಮನೆಗೆ ಬಿಟ್ಟು ಬಂದಿದ್ದೆವು. ಅವನ ತಟ್ಟೆ, ಹಗ್ಗ, ಹಾಸಿಗೆ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಕೊಟ್ಟಿದ್ದೆವು. ಹಲ್ಲಿನ ಗುರುತು ಬಿದ್ದ ಹಳದಿ ಚೆಂಡೊಂದನ್ನು ಮಾತ್ರ ಮಗಳು ಯಾರಿಗೂ ಹೇಳದೆ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು.

ನಾನು ಧಾರವಾಡದವಳು. ಕೆಲಸಕ್ಕೆಂದು ಪುಣೆಗೆ ಬಂದು ಹದಿನಾರು ವರ್ಷವಾಯಿತು. ವಾಕಡ್‌ನಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್, ಇಬ್ಬರಿಗೂ ಐಟಿ ಕೆಲಸ, ಒಬ್ಬಳೇ ಮಗಳು. ಊರಿನಲ್ಲಾದರೆ ಅಜ್ಜ, ಅಜ್ಜಿ, ಚಿಕ್ಕಪ್ಪನ ಮಕ್ಕಳು, ಹಿತ್ತಲು, ಬೀದಿ ಎಲ್ಲ ಇರುತ್ತದೆ. ಇಲ್ಲಿ ಶಾಲೆ ಬಿಟ್ಟು ಬಂದ ಮಗುವಿಗೆ ಇರುವುದು ಬಾಗಿಲು ಹಾಕಿದ ಮನೆ. ಲಾಕ್‌ಡೌನ್‌ನಲ್ಲಿ ಅದೂ ಇನ್ನಷ್ಟು ಇಕ್ಕಟ್ಟಾದಾಗ ಮಗಳು ನಾಯಿ ಬೇಕೆಂದು ಹಟ ಹಿಡಿದಳು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಿಮ್ಮಲ್ಲಿ ಬಹಳಷ್ಟು ಮಂದಿ ಈ ಹಟವನ್ನು ಕಂಡಿರುತ್ತೀರಿ.

ನನಗೆ ಚಿಕ್ಕಂದಿನಿಂದ ಸೀನು, ಮೂಗು ಸೋರುವುದು, ಮಳೆಗಾಲದಲ್ಲಿ ಉಬ್ಬಸ. ಅದನ್ನು ಹೇಳಿದಾಗ ಮರಿ ಮಾರುವವರು ನಕ್ಕು, “ಮೇಡಂ, ಇದು ಹೈಪೋಅಲರ್ಜೆನಿಕ್ ತಳಿ. ಕೂದಲೇ ಉದುರಲ್ಲ, ಅಲರ್ಜಿ ಎಲ್ಲಿಂದ ಬರುತ್ತೆ?” ಅಂದರು. ನಮಗೂ ಅದೇ ಮಾತು ಬೇಕಾಗಿತ್ತು. 2020ರ ಆಗಸ್ಟ್‌ನಲ್ಲಿ ಎರಡು ತಿಂಗಳ ಗಂಡು ಮರಿ ಮನೆಗೆ ಬಂತು.

ಮೊದಲ ಕೆಲವು ತಿಂಗಳು ಏನೂ ಆಗಲಿಲ್ಲ. ಮರಿ ನಮ್ಮ ಹಾಸಿಗೆಯ ಮೇಲೇ ಮಲಗಿತು. ಚಳಿಗಾಲ ಕಳೆಯುವಷ್ಟರಲ್ಲಿ ನನಗೆ ಬೆಳಗಿನ ಸೀನು ಶುರುವಾಯಿತು, ಆಮೇಲೆ ಒಣಕೆಮ್ಮು. 2021ರ ಏಪ್ರಿಲ್‌ನಲ್ಲಿ ಕೆಮ್ಮುವುದೆಂದರೆ ಏನೆಂದು ನಿಮಗೆ ಗೊತ್ತು. ಮೂರು ಸಲ ಕೋವಿಡ್ ಪರೀಕ್ಷೆ ಮಾಡಿಸಿದೆವು, ಮೂರೂ ಸಲ ನೆಗೆಟಿವ್. ಮೇ ತಿಂಗಳ ಕೊನೆಗೆ ಒಂದು ರಾತ್ರಿ ಎರಡು ಗಂಟೆಗೆ ಉಸಿರಾಡಲಾಗದೆ ಎದ್ದು ಕೂತೆ. ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿದ ಮೇಲೆ ಉಸಿರು ತಹಬಂದಿಗೆ ಬಂತು. ಎರಡು ವಾರದ ನಂತರ ಸಿಂಬಾ ಹೋದ.

ಆ ನಾಯಿಯನ್ನು ಕೊಟ್ಟಿದ್ದು ಸರಿಯೇ. ಆದರೆ ತಂದಿದ್ದು ತಪ್ಪು ರೀತಿಯಲ್ಲಿ. ಈ ಲೇಖನ ಬರೆಯುತ್ತಿರುವುದು ಆ ತಪ್ಪನ್ನು ನೀವು ಮಾಡದಿರಲಿ ಎಂದು.

ತಪ್ಪು ಕೂದಲಿನದ್ದಲ್ಲ

ಸಿಂಬಾ ಹೋದರೂ ನನ್ನ ಸೀನು ಹೋಗಲಿಲ್ಲ. ದೀಪಾವಳಿಯವರೆಗೂ ಹಾಗೇ ಇತ್ತು. ಕೊನೆಗೆ ಅಲರ್ಜಿ ತಜ್ಞರನ್ನು ಕಂಡಾಗ ಅವರು ಹೇಳಿದ ಮೊದಲ ಮಾತು, “ನಾಯಿ ಹೋದ ದಿನವೇ ಅಲರ್ಜಿ ಹೋಗುವುದಿಲ್ಲ. ಸೋಫಾ, ಗಾದಿ, ಪರದೆಗಳಲ್ಲಿ ಅದು ತಿಂಗಳುಗಟ್ಟಲೆ ಇರುತ್ತದೆ.”

ಅವರು ವಿವರಿಸಿದ್ದು ಹೀಗೆ. ನಮಗೆ ತೊಂದರೆ ಕೊಡುವುದು ಕೂದಲಲ್ಲ. ನಾಯಿಯ ಜೊಲ್ಲು, ಚರ್ಮದಿಂದ ಉದುರುವ ಸಣ್ಣ ಹೊಟ್ಟು ಮತ್ತು ಮೂತ್ರದಲ್ಲಿರುವ ಕೆಲವು ಪ್ರೋಟೀನುಗಳು. ಪ್ರತಿ ನಾಯಿಗೂ ಚರ್ಮವಿದೆ, ಜೊಲ್ಲಿದೆ. ಹಾಗಾಗಿ ಪ್ರತಿ ನಾಯಿಯಲ್ಲೂ ಈ ಪ್ರೋಟೀನು ಇದೆ. ಒಣಗಿದ ಹೊಟ್ಟಿನ ಕಣಗಳು ಎಷ್ಟು ಸಣ್ಣವೆಂದರೆ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ, ಬಟ್ಟೆಗೆ ಅಂಟಿಕೊಂಡು ನಾಯಿಯೇ ಇಲ್ಲದ ಶಾಲೆ, ಆಫೀಸುಗಳಿಗೂ ಹೋಗುತ್ತವೆ. ಕೂದಲು ಇವುಗಳನ್ನು ಹೊತ್ತು ತರುವ ವಾಹನ ಮಾತ್ರ.

ಈ ಪ್ರೋಟೀನುಗಳಿಗೆ ನಾಯಿಯ ಶಾಸ್ತ್ರೀಯ ಹೆಸರಿನಿಂದ ‘ಕ್ಯಾನ್ ಎಫ್’ ಎಂದು ಹೆಸರಿಟ್ಟು ಸಂಖ್ಯೆ ಕೊಟ್ಟಿದ್ದಾರೆ. ‘ಕ್ಯಾನ್ ಎಫ್ 1’ ಮುಖ್ಯವಾದದ್ದು, ಜೊಲ್ಲು ಮತ್ತು ಹೊಟ್ಟಿನಲ್ಲಿರುತ್ತದೆ. ‘ಕ್ಯಾನ್ ಎಫ್ 5’ ಬೇರೆ ಬಗೆಯದು. ಅದು ತಯಾರಾಗುವುದು ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ. ಮೂತ್ರದ ಮೂಲಕ ಹೊರಬಂದು ಕೂದಲಿಗೂ ಅಂಟುತ್ತದೆ. ಈ ಐದನೆಯದಕ್ಕೆ ಮಾತ್ರ ಅಲರ್ಜಿ ಇರುವ ಕೆಲವರು ಹೆಣ್ಣು ನಾಯಿಯ ಜೊತೆ ಹೆಚ್ಚು ತೊಂದರೆಯಿಲ್ಲದೆ ಇರಬಲ್ಲರು.

ನನಗೆ ಮೊದಲು ಚರ್ಮದ ಪರೀಕ್ಷೆ ಮಾಡಿದರು. ಮುಂಗೈ ಮೇಲೆ ಸಾಲಾಗಿ ಹನಿಗಳನ್ನಿಟ್ಟು ಸೂಜಿಯಿಂದ ಮೆಲ್ಲಗೆ ಚುಚ್ಚುತ್ತಾರೆ. ಯಾವ ಹನಿಯ ಕೆಳಗೆ ದದ್ದು ಏಳುತ್ತದೋ ಅದಕ್ಕೆ ಅಲರ್ಜಿ. ಇದಕ್ಕೆ ಕೆಲವು ದಿನ ಮೊದಲೇ ಸೀನಿನ ಮಾತ್ರೆ ನಿಲ್ಲಿಸಬೇಕು, ಇಲ್ಲವಾದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿ, ಇನ್‌ಹೇಲರನ್ನು ನೀವಾಗಿಯೇ ನಿಲ್ಲಿಸಬೇಡಿ.

ನನ್ನ ಕೈ ಮೇಲೆ ಎಲ್ಲಕ್ಕಿಂತ ದೊಡ್ಡ ದದ್ದು ಎದ್ದದ್ದು ದೂಳಿನ ನುಸಿಗೆ. ನಾಯಿಯದು ಅದಕ್ಕಿಂತ ಚಿಕ್ಕದು. ಆಮೇಲೆ ರಕ್ತ ಪರೀಕ್ಷೆಯಲ್ಲಿ ನಾಯಿಯ ಪ್ರೋಟೀನುಗಳನ್ನು ಬೇರೆ ಬೇರೆಯಾಗಿ ನೋಡಿದಾಗ ಐದನೆಯದು ಹೆಚ್ಚು, ಒಂದನೆಯದು ಅಲ್ಪ ಎಂದು ಬಂತು. ಎಂದರೆ ನನ್ನ ಹಳೆಯ ಗಾದಿ, ಪರದೆ, ಕಾರ್ಪೆಟ್‌ಗಳಲ್ಲಿ ನುಸಿ ಇತ್ತು. ಅದರ ಮೇಲೆ ಪ್ರಾಯಕ್ಕೆ ಬರುತ್ತಿದ್ದ ಗಂಡು ನಾಯಿಯನ್ನು ಹಾಸಿಗೆಯಲ್ಲಿ ಮಲಗಿಸಿಕೊಂಡಿದ್ದೆ. ಎಲ್ಲರ ಫಲಿತಾಂಶ ಹೀಗೇ ಇರುವುದಿಲ್ಲ. ಆದರೆ ಪರೀಕ್ಷೆ ಮಾಡಿಸದಿದ್ದರೆ ಇದು ಯಾವುದೂ ನನಗೆ ತಿಳಿಯುತ್ತಿರಲಿಲ್ಲ.

‘ಹೈಪೋಅಲರ್ಜೆನಿಕ್’ ಎಂಬ ಮಾತು

ಈ ಪದಕ್ಕೆ ದೊಡ್ಡ ಪ್ರಚಾರ ಸಿಕ್ಕಿದ್ದು 2009ರಲ್ಲಿ. ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮ ಅವರ ಮಗಳಿಗೆ ಅಲರ್ಜಿ ಇದ್ದುದರಿಂದ ಶ್ವೇತಭವನಕ್ಕೆ ಪೋರ್ಚುಗೀಸ್ ವಾಟರ್ ಡಾಗ್ ತಳಿಯ ‘ಬೋ’ ಬಂದಾಗ ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಬರೆದವು. ಅಲ್ಲಿಂದ ಈ ಮಾತು ಮರಿ ಮಾರುವವರ ಬಾಯಿಗೂ ಬಂತು.

ಸಂಶೋಧಕರು ನೋಡಿದಾಗ ಮಾತ್ರ ಬೇರೆ ಚಿತ್ರ ಸಿಕ್ಕಿತು. 2011ರಲ್ಲಿ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯವರು ನಾಯಿ ಇರುವ ಮನೆಗಳ ದೂಳನ್ನು ಅಳೆದರು. ಹೈಪೋಅಲರ್ಜೆನಿಕ್ ಎನ್ನುವ ತಳಿಗಳ ಮನೆಗೂ ಬೇರೆ ತಳಿಗಳ ಮನೆಗೂ ‘ಕ್ಯಾನ್ ಎಫ್ 1’ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ ಹೈಪೋಅಲರ್ಜೆನಿಕ್ ತಳಿಗಳ ಕೂದಲಿನಲ್ಲೇ ಈ ಪ್ರೋಟೀನು ಹೆಚ್ಚಿತ್ತು. ಅದರಲ್ಲೇ ಕಂಡ ಇನ್ನೊಂದು ಸಂಗತಿಯೆಂದರೆ ಒಂದೇ ತಳಿಯ ನಾಯಿಗಳ ನಡುವೆಯೇ ಬಹಳ ಅಂತರವಿತ್ತು.

ಈ ಕೊನೆಯ ಮಾತು ಮುಖ್ಯ. ಲ್ಯಾಬ್ರಡೂಡಲ್ ಹುಟ್ಟಿದ ಕಥೆಯೂ ಅದನ್ನೇ ಹೇಳುತ್ತದೆ. 1989ರಲ್ಲಿ ಆಸ್ಟ್ರೇಲಿಯಾದ ವಾಲಿ ಕಾನ್ರನ್ ಎಂಬವರು ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ದಾರಿ ತೋರುವ ನಾಯಿ ಹುಡುಕುತ್ತಿದ್ದರು. ಆಕೆಯ ಗಂಡನಿಗೆ ನಾಯಿಯ ಅಲರ್ಜಿ. ಕಾನ್ರನ್ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿ ಮರಿ ಮಾಡಿಸಿ, ಮೂರು ಮರಿಗಳ ಕೂದಲು ಮತ್ತು ಜೊಲ್ಲನ್ನು ಹವಾಯಿಗೆ ಕಳಿಸಿದರು. ಆ ಗಂಡನಿಗೆ ಒಗ್ಗಿದ್ದು ಒಂದೇ ಮರಿ. ಒಂದೇ ತಾಯಿಯ, ಒಂದೇ ಸೂಲಿನ ಮೂರರಲ್ಲಿ ಎರಡು ಆಗಿಬರಲಿಲ್ಲ. ಮುಂದೆ ಆ ತಳಿ ಜಗತ್ತಿನೆಲ್ಲೆಡೆ ವ್ಯಾಪಾರವಾದದ್ದನ್ನು ನೋಡಿ ತಾನಿದನ್ನು ಮಾಡಬಾರದಿತ್ತೆಂದು ಕಾನ್ರನ್ ಅವರೇ ಬಹಿರಂಗವಾಗಿ ಹೇಳಿಕೊಂಡರು.

ಆದ್ದರಿಂದ “ಯಾವ ತಳಿ ತರಲಿ?” ಎನ್ನುವ ಪ್ರಶ್ನೆಗಿಂತ “ಈ ನಾಯಿ ಈ ಮನುಷ್ಯನಿಗೆ ಒಗ್ಗುತ್ತದೆಯೇ?” ಎನ್ನುವುದನ್ನು ಕೇಳಬೇಕು.

ಹಾಗಾದರೆ ತಳಿ ನೋಡುವುದೇ ಬೇಡವೇ?

ನೋಡಬೇಕು, ಆದರೆ ಕಾರಣ ಬೇರೆ. ಕೂದಲು ಕಡಿಮೆ ಉದುರಿದರೆ ಜೊಲ್ಲು, ಹೊಟ್ಟು ಹೊತ್ತ ಕೂದಲು ಮನೆತುಂಬ ಹರಡುವುದು ಕಡಿಮೆ. ಸಣ್ಣ ನಾಯಿಯಾದರೆ ಚರ್ಮವೂ ಕಡಿಮೆ, ಬಾತ್‌ರೂಮಿನಲ್ಲಿ ಒಂದು ಬಕೆಟ್ ನೀರಿನಲ್ಲಿ ಸ್ನಾನ ಮುಗಿಯುತ್ತದೆ. ಫ್ಲಾಟಿನಲ್ಲಿರುವವರಿಗೆ ಇದು ಸಣ್ಣ ಲಾಭವಲ್ಲ.

ಗಿಡ್ಡ ಕೂದಲೆಂದರೆ ಉದುರುವುದಿಲ್ಲ ಎಂದುಕೊಂಡವರು ಬಹಳ. ನಿಜವೆಂದರೆ ಪಗ್, ಬೀಗಲ್ ಚೆನ್ನಾಗಿಯೇ ಉದುರಿಸುತ್ತವೆ, ಸೋಫಾದಲ್ಲಿ ಸೂಜಿಯಂತೆ ಚುಚ್ಚಿಕೊಳ್ಳುತ್ತವೆ. ನಮ್ಮ ಕಡೆಯ ಮುಧೋಳ ನಾಯಿಯ ನುಣುಪು ಮೈಯೂ ಉದುರುತ್ತದೆ. ಅದು ಓಡಲು ಹುಟ್ಟಿದ್ದು, ಏಳನೇ ಮಹಡಿಗೆ ತರುವಂಥದ್ದೂ ಅಲ್ಲ. ಎಲ್ಲರ ಮನೆಯಲ್ಲೂ ಕಾಣುವ ಬಿಳಿ ಪಾಮೇರಿಯನ್‌ಗೆ ಒಳಪದರದ ದಟ್ಟ ತುಪ್ಪಳವಿದೆ. ಅದು ಉದುರುವ ಕಾಲದಲ್ಲಿ ಮನೆಯಲ್ಲಿ ಹತ್ತಿ ಹಾರುತ್ತದೆ.

ಕಡಿಮೆ ಉದುರುವ ಸಣ್ಣ ನಾಯಿಗಳಲ್ಲಿ ನಮ್ಮ ನಗರಗಳಲ್ಲಿ ಸಿಗುವವು ಶಿಹ್ ತ್ಸು, ಲಾಸಾ ಆಪ್ಸೊ, ಮಾಲ್ಟೀಸ್, ಯಾರ್ಕ್‌ಶೈರ್ ಟೆರಿಯರ್, ಟಾಯ್ ಪೂಡಲ್. ಅಪರೂಪಕ್ಕೆ ಮಿನಿಯೇಚರ್ ಶ್ನಾಜರ್ ಸಿಗುತ್ತದೆ. ಇವುಗಳ ಕೂದಲು ನಮ್ಮ ತಲೆಗೂದಲಿನಂತೆ ಬಹಳ ಕಾಲ ಬೆಳೆಯುತ್ತಲೇ ಇರುತ್ತದೆ.

ಶಿಹ್ ತ್ಸು ನಾಲ್ಕರಿಂದ ಏಳು ಕಿಲೊ ತೂಗುವ, ಎಲ್ಲರೊಡನೆ ಹೊಂದಿಕೊಳ್ಳುವ ನಾಯಿ. ಆದರೆ ಚಪ್ಪಟೆ ಮೂತಿ, ಸೆಕೆ ತಡೆಯುವುದಿಲ್ಲ. ನಾಗಪುರ, ಹೈದರಾಬಾದ್, ದೆಹಲಿಯ ಬೇಸಗೆಯಲ್ಲಿ ಬಿಸಿಲೇರಿದ ಮೇಲೆ ಅದನ್ನು ಹೊರಗೆ ಒಯ್ಯುವಂತಿಲ್ಲ, ಮನೆಯಲ್ಲಿ ತಂಪಿರಬೇಕು. ಲಾಸಾ ಆಪ್ಸೊ ಟಿಬೆಟ್ಟಿನ ಮಠಗಳಲ್ಲಿ ಕಾವಲಿಗಿದ್ದದ್ದು. ಅಪರಿಚಿತರನ್ನು ಸುಲಭಕ್ಕೆ ಒಪ್ಪುವುದಿಲ್ಲ, ಬಾಗಿಲ ಗಂಟೆಗೆಲ್ಲ ಬೊಗಳುತ್ತದೆ. ಮಾಲ್ಟೀಸ್ ಮತ್ತು ಯಾರ್ಕ್‌ಶೈರ್ ಮೂರು ಕಿಲೊ ಆಸುಪಾಸಿನವು. ಮೂಳೆ ಸಣ್ಣ, ಸೋಫಾದಿಂದ ಹಾರಿದರೂ ಪೆಟ್ಟಾಗಬಹುದು. ಪುಟ್ಟ ಮಕ್ಕಳಿರುವ ಮನೆಗೆ ಯೋಚಿಸಿ ತನ್ನಿ. ಪೂಡಲ್ ಬಹಳ ಬುದ್ಧಿಯ ನಾಯಿ. ಅದರ ಗುಂಗುರು ಕೂದಲಿನೊಳಗೆ ಸತ್ತ ಕೂದಲು ಸಿಕ್ಕಿಕೊಳ್ಳುವುದರಿಂದ ಬಾಚುವ ಕೆಲಸ ಎಲ್ಲಕ್ಕಿಂತ ಹೆಚ್ಚು.

ಕೂದಲು ಉದುರುವುದಿಲ್ಲವೆಂದರೆ ಅದು ನಾಯಿಯ ಮೈಮೇಲೇ ಉಳಿಯುತ್ತದೆ. ಹಾಗೆ ಉಳಿದದ್ದನ್ನು ಯಾರಾದರೂ ದಿನಾ ಬಾಚಿ ತೆಗೆಯಬೇಕು. ಈ ಮಾತನ್ನು ಮರಿ ಮಾರುವವರು ಹೇಳುವುದಿಲ್ಲ.

ಮರಿಯನ್ನೇ ಕೊಳ್ಳುವುದಾದರೆ ಒಂದು ನೆನಪಿರಲಿ. 2017ರ ಕೇಂದ್ರ ನಿಯಮಗಳ ಪ್ರಕಾರ ನಾಯಿ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿ ನಾಯಿಯನ್ನು ತೋರಿಸಿ ಎಂದು ಕೇಳಿ. ತೋರಿಸಲು ಒಪ್ಪದವರಲ್ಲಿ ಕೊಳ್ಳಬೇಡಿ.

ಎರಡನೇ ಸಲ

ಒಂದು ವರ್ಷ ನಾಯಿಯ ಮಾತು ಎತ್ತಲಿಲ್ಲ. ಆ ವರ್ಷದಲ್ಲಿ ಕಾರ್ಪೆಟ್ ತೆಗೆದೆವು, ದಪ್ಪ ಪರದೆಗಳ ಬದಲು ಒಗೆಯಲು ಬರುವ ಹತ್ತಿ ಪರದೆ ಹಾಕಿದೆವು, ಗಾದಿ ದಿಂಬುಗಳಿಗೆ ನುಸಿ ತಡೆಯುವ ಚೀಲ ತೊಡಿಸಿದೆವು, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದೆವು. ವೈದ್ಯರು ಕೊಟ್ಟ ಔಷಧ ತಪ್ಪದೆ ತೆಗೆದುಕೊಂಡೆ. ನಾಯಿಯಿಲ್ಲದೆಯೇ ನನ್ನ ಉಸಿರು ಎಷ್ಟೋ ಸುಧಾರಿಸಿತು.

2022ರ ಮಳೆಗಾಲದಲ್ಲಿ ನಮ್ಮ ಸೊಸೈಟಿಯ ಇನ್ನೊಂದು ವಿಂಗ್‌ನ ತಮಿಳು ಕುಟುಂಬವೊಂದು ಸಿಂಗಪುರಕ್ಕೆ ಹೊರಟಿತ್ತು. ಅವರ ಬಳಿ ನಾಲ್ಕು ವರ್ಷದ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದ ಹೆಣ್ಣು ಶಿಹ್ ತ್ಸು ಇತ್ತು. ಒಳ್ಳೆಯ ಮನೆ ಹುಡುಕುತ್ತಿದ್ದರು. ಮಗಳು ನನ್ನ ಮುಖ ನೋಡಿದಳು, ಬಾಯಿಬಿಟ್ಟು ಏನೂ ಕೇಳಲಿಲ್ಲ. ಅವಳು ಕೇಳದಿದ್ದದ್ದೇ ನನಗೆ ಕಷ್ಟವಾಯಿತು.

ಈ ಸಲ ವೈದ್ಯರನ್ನು ಮೊದಲು ಕೇಳಿದೆ. “ಉಬ್ಬಸ ಹತೋಟಿಯಲ್ಲಿದೆ, ನೋಡಬಹುದು. ಆದರೆ ಹಂತಹಂತವಾಗಿ” ಎಂದರು. ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಕೊಳವೆ ಕೊಳ್ಳಲು ಹೇಳಿದರು. ಬೆಳಗ್ಗೆ, ಸಂಜೆ ಅದರಲ್ಲಿ ಜೋರಾಗಿ ಊದಿ ಅಂಕಿ ಬರೆದಿಡಬೇಕು. ಅಂಕಿ ಇಳಿಯತೊಡಗಿದರೆ ಶ್ವಾಸನಾಳ ಬಿಗಿಯುತ್ತಿದೆ ಎಂದು ಅರ್ಥ.

ಮೊದಲ ಭೇಟಿಯಲ್ಲಿ ಅವರ ಮನೆಯಲ್ಲಿ ನಾಯಿಯನ್ನು ಮುಟ್ಟದೆ ಅರ್ಧ ಗಂಟೆ ಕೂತು ಬಂದೆ. ಎರಡನೇ ಸಲ ತೊಡೆಯ ಮೇಲೆ ಕೂರಿಸಿಕೊಂಡೆ, ಕೈ ನೆಕ್ಕಿಸಿಕೊಂಡು ಹತ್ತು ನಿಮಿಷ ನೋಡಿದೆ. ಮುಂಗೈ ಮೇಲೆ ಸಣ್ಣಗೆ ಕೆಂಪಾಯಿತು, ತೊಳೆದ ಮೇಲೆ ಹೋಯಿತು. ಮೂರನೇ ಸಲ ಎರಡು ಗಂಟೆ. ನಾಲ್ಕನೆಯದಾಗಿ ಅದು ಮಲಗುವ ಟವೆಲನ್ನು ತಂದು ಎರಡು ರಾತ್ರಿ ನಮ್ಮ ಹಾಲ್‌ನಲ್ಲಿಟ್ಟೆ. ಐದನೆಯದು ಶನಿವಾರ, ಭಾನುವಾರ ನಮ್ಮ ಮನೆಯ ವಾಸ. ಅಷ್ಟಾದ ಮೇಲೆ ಒಂದು ತಿಂಗಳ ಕರಾರು. ಮನೆಯಲ್ಲಿ ಅಲರ್ಜಿ ಕಣಗಳು ಸೇರುತ್ತಾ ಹೋಗಲು ವಾರಗಳು ಬೇಕು. ಹಾಗಾಗಿ ಎರಡು ದಿನ ಸುಖವಾಗಿದ್ದ ಮಾತ್ರಕ್ಕೆ ಒಗ್ಗಿತು ಎನ್ನಲಾಗದು.

ಮಗಳಿಗೆ ಮೊದಲೇ ಹೇಳಿದ್ದೆ: “ಆಗಲಿಲ್ಲ ಅಂದ್ರ ತಿಂಗಳದಾಗ ವಾಪಸ್ ಕೊಡಬೇಕು. ಅಳಬಾರದು.” ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ನನ್ನ ಪೀಕ್ ಫ್ಲೋ ಅಂಕಿಗಳನ್ನು ದಿನಾ ತಾನೇ ಬರೆದಳು. ಮೂವತ್ತನೇ ದಿನ ಅಂಕಿ ಮೊದಲಿನಷ್ಟೇ ಇತ್ತು. ನಾಯಿ ಉಳಿಯಿತು. ಅದರ ಬಣ್ಣ ನೋಡಿ ಯಜಮಾನರು ‘ಕುಂದಾ’ ಎಂದು ಕರೆದರು. ಬೆಳಗಾವಿಯವರಿಗೆ ವಿವರಿಸಬೇಕಿಲ್ಲ.

ಸಿಂಬಾ ಮತ್ತು ಕುಂದಾ ಇಬ್ಬರೂ ಶಿಹ್ ತ್ಸು. ತಳಿ ಒಂದೇ. ಬದಲಾದದ್ದು ನಾಯಿ, ಅದಕ್ಕಿಂತ ಹೆಚ್ಚಾಗಿ ನಾವು. ಬೆಳೆದ ನಾಯಿ ತರುವುದರಿಂದ ಇದು ಸಾಧ್ಯವಾಯಿತು ಎನ್ನುವುದನ್ನೂ ಹೇಳಬೇಕು. ಮರಿಯ ಕೂದಲು ಮುಂದೆ ಬದಲಾಗುತ್ತದೆ, ಪ್ರಾಯಕ್ಕೆ ಬಂದ ಮೇಲೆ ಗಂಡು ಮರಿಯ ಪ್ರೋಟೀನು ಬದಲಾಗುತ್ತದೆ. ನಾಲ್ಕು ವರ್ಷದ ನಾಯಿ ಹೇಗಿದೆಯೋ ಹಾಗೇ ಕಾಣುತ್ತದೆ, ಪರೀಕ್ಷಿಸಿ ನೋಡಬಹುದು.

ದಿನದ ಬಾಚಣಿಗೆ, ವಾರದ ಸ್ನಾನ

ನಮ್ಮ ಮನೆಯ ಮೊದಲ ನಿಯಮ, ಅಲರ್ಜಿ ಇರುವವರು ಬಾಚಬಾರದು. ಯಜಮಾನರು ಮತ್ತು ಮಗಳು ಸರದಿಯಲ್ಲಿ ಬಾಲ್ಕನಿಯಲ್ಲಿ ಬಾಚುತ್ತಾರೆ, ನಾನು ಆಗ ಅಡುಗೆಮನೆಯಲ್ಲಿರುತ್ತೇನೆ. ನೀವು ಒಬ್ಬರೇ ಇದ್ದು ನೀವೇ ಬಾಚಬೇಕಾದರೆ ಮಾಸ್ಕ್ ಹಾಕಿ, ಬಾಚುವುದಕ್ಕೆಂದೇ ಒಂದು ಅಂಗಿ ಇಟ್ಟುಕೊಳ್ಳಿ, ಮುಗಿದ ಕೂಡಲೇ ಕೈ ಮುಖ ತೊಳೆಯಿರಿ.

ಬೇಕಾದ ಸಾಮಾನು ಎರಡೇ: ತಂತಿಯ ಸಣ್ಣ ಹಲ್ಲುಗಳಿರುವ ಸ್ಲಿಕರ್ ಬ್ರಷ್ ಮತ್ತು ಸ್ಟೀಲಿನ ಬಾಚಣಿಗೆ. ಒಣಗೂದಲನ್ನು ಹಾಗೇ ಬಾಚಬೇಡಿ, ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಸಿಂಪಡಿಸಿ. ಕೂದಲು ತುಂಡಾಗುವುದಿಲ್ಲ, ಹೊಟ್ಟೂ ಗಾಳಿಗೆ ಹಾರುವುದಿಲ್ಲ. ಮೇಲ್ಮೇಲೆ ಬ್ರಷ್ ಆಡಿಸಿದರೆ ಮೇಲೆ ರೇಷ್ಮೆ, ಬುಡದಲ್ಲಿ ಗಂಟು. ಕೂದಲನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಬೈತಲೆ ತೆಗೆದಂತೆ ಸಾಲುಸಾಲಾಗಿ ಬುಡದಿಂದ ಬಾಚಬೇಕು. ಕೊನೆಗೆ ಸ್ಟೀಲ್ ಬಾಚಣಿಗೆ ಎಲ್ಲೂ ತಡೆಯದೆ ಓಡಿದರೆ ಕೆಲಸ ಮುಗಿಯಿತು. ಸಿಕ್ಕು ಹೆಚ್ಚಾಗುವುದು ಕಿವಿಯ ಹಿಂದೆ, ಕಂಕುಳಲ್ಲಿ, ಬೆಲ್ಟ್ ಕಟ್ಟುವಲ್ಲಿ, ಬಾಲದ ಬುಡದಲ್ಲಿ. ದಿನಕ್ಕೆ ಹತ್ತು ನಿಮಿಷ ಸಾಕು. ನಾಲ್ಕು ದಿನ ಬಿಟ್ಟರೆ ಒಂದು ಗಂಟೆ.

ಸಿಕ್ಕಿರುವಾಗ ಸ್ನಾನ ಮಾಡಿಸಬೇಡಿ. ನೀರು ತಾಗಿ ಒಣಗಿದರೆ ಗಂಟು ಇನ್ನಷ್ಟು ಬಿಗಿಯುತ್ತದೆ. ಜಡೆಗಟ್ಟಿದ ಗಂಟನ್ನು ಕತ್ತರಿಯಿಂದ ನೀವೇ ಕತ್ತರಿಸಲು ಹೋಗಬೇಡಿ, ಚರ್ಮ ಗಂಟಿನೊಳಗೆ ಎಳೆದುಕೊಂಡಿರುತ್ತದೆ. ಅಂಥದ್ದನ್ನು ಗ್ರೂಮರ್ ಮೆಷಿನ್‌ನಿಂದ ತೆಗೆಯಲಿ.

ಸ್ನಾನದಿಂದ ಅಲರ್ಜಿ ಕಣ ಕಡಿಮೆಯಾಗುವುದು ನಿಜ, ಆದರೆ ಕೆಲವೇ ದಿನ. ವಾರಕ್ಕೆ ಎರಡು ಸಲ ತೊಳೆದರೆ ಮಾತ್ರ ಅದು ನಿರಂತರ ಕಡಿಮೆ ಇರುತ್ತದೆ. ಆದರೆ ಅಷ್ಟು ಸ್ನಾನಕ್ಕೆ ಎಲ್ಲ ನಾಯಿಗಳ ಚರ್ಮ ತಡೆಯುವುದಿಲ್ಲ. ಒಣಗಿ ಹೊಟ್ಟು ಹೆಚ್ಚಾದರೆ ಉಪಾಯವೇ ಅಪಾಯವಾಗುತ್ತದೆ. ನಾವು ಪಶುವೈದ್ಯರನ್ನು ಕೇಳಿ ವಾರಕ್ಕೊಂದು ಸ್ನಾನ, ಮಧ್ಯೆ ಎರಡು ದಿನ ಒದ್ದೆ ಬಟ್ಟೆಯಿಂದ ಮೈ ಒರೆಸುವುದು ಎಂದು ಇಟ್ಟುಕೊಂಡಿದ್ದೇವೆ. ಉಗುರು ಬೆಚ್ಚಗಿನ ನೀರು, ನಾಯಿಯ ಶಾಂಪೂ. ನಮ್ಮ ಶಾಂಪೂ, ಸೀಗೆಪುಡಿ, ಡೆಟಾಲ್ ಯಾವುದೂ ಬೇಡ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು.

ಸ್ನಾನಕ್ಕಿಂತ ಒಣಗಿಸುವುದು ಮುಖ್ಯ. ಮುಂಬೈ, ಪುಣೆ, ಚೆನ್ನೈಯ ಮಳೆಗಾಲದಲ್ಲಿ ಬುಡ ಒದ್ದೆಯಿದ್ದರೆ ಫಂಗಸ್ ಹತ್ತುತ್ತದೆ, ನಾಯಿ ಕೆರೆದುಕೊಳ್ಳುತ್ತದೆ, ಕೆರೆದಷ್ಟೂ ಹೊಟ್ಟು. ಟವೆಲಿನಿಂದ ಒತ್ತಿ ಒರೆಸಿ, ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು ಬಾಚುತ್ತಾ ಒಣಗಿಸಬೇಕು. ಆಗಲೇ ಉಣ್ಣಿ, ಚಿಗಟ ಇವೆಯೇ ನೋಡಿಬಿಡಬಹುದು.

ಆರು ವಾರಕ್ಕೊಮ್ಮೆ ಕಟಿಂಗ್. ಉದ್ದ ಕೂದಲು ಫೋಟೊಗೆ ಚೆಂದ, ಮನೆಗೆ ‘ಪಪ್ಪಿ ಕಟ್’ ಸಾಕು, ಎಂದರೆ ಮೈಯೆಲ್ಲ ಒಂದು ಇಂಚಿನಷ್ಟು. ನುಣ್ಣಗೆ ಬೋಳಿಸಿದರೆ ಅಲರ್ಜಿ ಹೋಗುತ್ತದೆಂದು ಹಲವರು ಹೇಳುತ್ತಾರೆ. ಚರ್ಮ ಇದ್ದೇ ಇರುತ್ತದೆ, ಹೊಟ್ಟು ನಿಲ್ಲುವುದಿಲ್ಲ, ಬಿಸಿಲು ನೇರ ಚರ್ಮಕ್ಕೆ ಬಡಿಯುತ್ತದೆ. ನಮಗೆ ಒಂದು ಕಟಿಂಗ್‌ಗೆ ಸಾವಿರದಿಂದ ಸಾವಿರದೈನೂರು ರೂಪಾಯಿ ಆಗುತ್ತದೆ. ನಾಯಿ ಇರುವಷ್ಟು ವರ್ಷವೂ ಇದು ಇರುವ ಖರ್ಚು, ತರುವ ಮೊದಲೇ ಲೆಕ್ಕ ಹಾಕಿ. ಶಿಹ್ ತ್ಸುವಿನ ಕಣ್ಣು ಹೊರಚಾಚಿರುತ್ತದೆ, ಕೂದಲು ಚುಚ್ಚಿ ಗಾಯವಾಗಬಹುದು. ಕಣ್ಣ ಸುತ್ತ ದಿನಾ ಒದ್ದೆ ಹತ್ತಿಯಿಂದ ಒರೆಸುವುದನ್ನು ಮರೆಯಬೇಡಿ.

ಮನೆಯ ಕಟ್ಟಳೆಗಳು

ನಾನು ಮಲಗುವ ಕೋಣೆಗೆ ಕುಂದಾಗೆ ಪ್ರವೇಶವಿಲ್ಲ, ಯಾವ ಕಾರಣಕ್ಕೂ ಇಲ್ಲ. ದಿನದ ಎಂಟು ಗಂಟೆ ನನ್ನ ಶ್ವಾಸಕೋಶಕ್ಕೆ ವಿಶ್ರಾಂತಿ ಸಿಗುವುದು ಅಲ್ಲೇ. ಆ ಕೋಣೆಯಲ್ಲಿ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಇದೆ. ಕಸಬರಿಗೆಯಿಂದ ಒಣ ಗುಡಿಸುವುದನ್ನು ನಿಲ್ಲಿಸಿದ್ದೇವೆ, ಕೂತ ದೂಳೆಲ್ಲ ಏಳುತ್ತದೆ. ಮೊದಲು ವ್ಯಾಕ್ಯೂಮ್, ಆಮೇಲೆ ಒದ್ದೆ ಬಟ್ಟೆ. ಸೋಫಾ ಕವರು ಮತ್ತು ನಾಯಿಯ ಹಾಸಿಗೆ ವಾರಕ್ಕೊಮ್ಮೆ ಬಿಸಿನೀರಿಗೆ. ಮುದ್ದು ಮಾಡಿದ ಮೇಲೆ ಕೈ ತೊಳೆಯದೆ ಕಣ್ಣು ಮುಟ್ಟುವುದಿಲ್ಲ, ಮುಖ ನೆಕ್ಕಲು ಬಿಡುವುದಿಲ್ಲ.

ಇಷ್ಟೆಲ್ಲ ಮಾಡಿಯೂ ನಾನು ಪೂರ್ತಿ ಗುಣವಾಗಿಲ್ಲ. ಮಳೆಗಾಲದಲ್ಲಿ ಇಂದಿಗೂ ಇನ್‌ಹೇಲರ್ ಬೇಕು, ಕೆಲವು ವಾರ ಮಾತ್ರೆ ಬೇಕು. ಈ ಮೂರು ವರ್ಷದಲ್ಲಿ ರಾತ್ರಿ ಆಸ್ಪತ್ರೆಗೆ ಓಡುವ ಪ್ರಸಂಗ ಮಾತ್ರ ಬಂದಿಲ್ಲ. ಉಬ್ಬಸ ಹತೋಟಿಗೆ ಬಾರದವರು, ಮನೆಯ ಮಗುವಿಗೆ ಪದೇಪದೇ ಉಬ್ಬಸ ಬರುತ್ತಿರುವವರು ಈ ಪ್ರಯೋಗಕ್ಕೆ ಕೈಹಾಕಬೇಡಿ. ವೈದ್ಯರು ಬೇಡವೆಂದರೆ ಬೇಡ. ನೆರೆಮನೆಯ ನಾಯಿಯನ್ನು ಮಗು ಸಂಜೆ ಅಡ್ಡಾಡಿಸಿಕೊಂಡು ಬರಲಿ, ಅದೂ ಒಂದು ಒಡನಾಟವೇ. ಗೊತ್ತಿದ್ದೂ ತಂದು, ಒಗ್ಗಿಕೊಂಡ ಮೇಲೆ ಬಿಡುವುದು ಮಗುವಿಗೂ ನಾಯಿಗೂ ಒಳ್ಳೆಯದಲ್ಲ. ನಮ್ಮ ಸಿಂಬಾಗೆ ಒಳ್ಳೆಯ ಮನೆ ಸಿಕ್ಕಿತು. ಲಾಕ್‌ಡೌನ್‌ನಲ್ಲಿ ತಂದ ಎಲ್ಲ ನಾಯಿಗಳಿಗೂ ಹಾಗೆ ಸಿಗಲಿಲ್ಲ.

ಕಳೆದ ದೀಪಾವಳಿಗೆ ಕುಂದಾಳನ್ನು ಕಾರಿನಲ್ಲಿ ಕೂರಿಸಿಕೊಂಡು ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಧಾರವಾಡಕ್ಕೆ ಹೋಗಿದ್ದೆವು. ಮೊದಲ ದಿನ ಅತ್ತೆ, “ನಾಯಿಗಿ ಹಣಿಗಿ, ನಾಯಿಗಿ ಶಾಂಪೂ, ನಾಯಿಗಿ ಕಟಿಂಗ್! ನನ್ನ ಮಕ್ಕಳಿಗೂ ಇಷ್ಟ ಮಾಡಿದ್ದಿಲ್ಲವ್ವಾ ನಾ” ಎಂದು ನಕ್ಕರು. ಎರಡನೇ ದಿನ ಪಡಸಾಲೆಯಲ್ಲಿ ತಾವೇ ಬಾಚಣಿಗೆ ಹಿಡಿದು ಕೂತಿದ್ದರು. ಕುಂದಾ ಕಣ್ಣು ಮುಚ್ಚಿ ಕಾಲು ಚಾಚಿದ್ದಳು. “ಬುಡದಿಂದ ಬಾಚ್ರಿ ಅಜ್ಜಿ, ಮ್ಯಾಲ ಮ್ಯಾಲ ಅಲ್ಲ” ಎಂದು ಮಗಳು ಪಕ್ಕದಲ್ಲಿ ಕೂತು ಕಲಿಸುತ್ತಿದ್ದಳು.

ಆ ರಾತ್ರಿ ಅವಳ ಹಳೆಯ ಪ್ರಶ್ನೆಗೆ ಉತ್ತರ ಕೊಟ್ಟೆ. “ಹೌದವ್ವಾ, ಸಿಂಬಾನ್ನ ಕೊಟ್ಟಿದ್ದು ನನ್ನ ಸಲುವಾಗೇ. ತರೂಕಿಂತ ಮೊದಲ ಡಾಕ್ಟರನ್ನ ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನಮ್ಮದು.” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತದ ಬಿಡಮ್ಮಾ” ಅಂದಳು. ಹೊರಗೆ ಪಡಸಾಲೆಯಲ್ಲಿ ಕುಂದಾ ಹಳದಿ ಚೆಂಡನ್ನು ಕಚ್ಚಿಕೊಂಡು ಮಲಗಿದ್ದಳು.